ಒಬ್ಬರಿಗೆ ಅಡುಗೆ, ಫ್ರಿಜ್ ಇಲ್ಲ, ಒಂದೇ ಇಂಡಕ್ಷನ್ ಒಲೆ: ಖರ್ಚು ಹಿಡಿತದಲ್ಲಿಡೋದು ಹೇಗೆ?

ಒಂಟಿಒಲೆ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಒಂದು ರೂಮಿನ ಬಾಡಿಗೆ ಮನೆ. ಇರೋ ಸಾಮಾನು ಇಷ್ಟೇ: ಒಂದು ಇಂಡಕ್ಷನ್ ಒಲೆ, 3 ಲೀಟರಿನ ಸ್ಟೀಲ್ ಕುಕ್ಕರ್, ಒಂದು ಬಾಣಲೆ, ಚಿಕ್ಕ ಜಾರ್ ಇರೋ ಮಿಕ್ಸಿ. ಫ್ರಿಜ್ ಇಲ್ಲ, ಸದ್ಯಕ್ಕೆ ತಗೊಳ್ಳೋದೂ ಇಲ್ಲ. ರಾತ್ರಿ ಊಟ ಮನೆಯಲ್ಲಿ, ಬೆಳಗ್ಗೆ ಆಫೀಸಿಗೆ ಡಬ್ಬಿ ಕಟ್ಟಬೇಕು. ಸಸ್ಯಾಹಾರವೇ ಜಾಸ್ತಿ, ಮೊಟ್ಟೆ ಆಗುತ್ತೆ.

ತೊಂದರೆ ಮೂರು. ಕಾಲು ಕಪ್ ತೊಗರಿಬೇಳೆ ಕುಕ್ಕರಿಗೆ ಹಾಕಿದರೆ ತಳ ಸೀಯುತ್ತೆ, ಮೇಲಿನ ಬೇಳೆ ಮಾತ್ರ ಕಾಳು ಕಾಳಾಗೇ ಇರುತ್ತೆ. ತರಕಾರಿ ಕಾಲು ಕೆಜಿ ತಂದರೂ ಅರ್ಧ ಬಾಡಿಹೋಗುತ್ತೆ, ತೆಂಗಿನಕಾಯಿಯ ಎರಡನೇ ಹೋಳು ಯಾವಾಗಲೂ ಲೋಳೆ ಬರುತ್ತೆ. ಇನ್ನು ಒಂದು ಸಾಂಬಾರ್ ಮಾಡಿದರೆ ಎರಡು ದಿನ ಅದನ್ನೇ ತಿನ್ನಬೇಕು. ಅಳತೆ ಸಮೇತ ಹೇಳಿದರೆ ಉಪಕಾರ ಆಗುತ್ತೆ.

ಬೇಳೆಕಾಳು:

ಮೊದಲು ಬೇಳೆ. ಅದು ಸರಿಹೋದರೆ ಅರ್ಧ ಅಡುಗೆ ಸರಿಹೋದ ಹಾಗೆ.

ಕಾಲು ಕಪ್ ಬೇಳೆಯನ್ನು ನೇರವಾಗಿ ಕುಕ್ಕರಿಗೆ ಹಾಕಬೇಡಿ. ಅಷ್ಟು ಕಡಿಮೆ ಬೇಳೆ ತಳದ ಮೇಲೆ ತೆಳ್ಳಗೆ ಹರಡಿಕೊಂಡು ಕೂರುತ್ತೆ. ಇಂಡಕ್ಷನ್ ಒಲೆಯೋ, ಕಾಯಿಲ್ ಇರೋ ಬಳೆಯಾಕಾರದ ಜಾಗವನ್ನು ಮಾತ್ರ ಜೋರಾಗಿ ಕಾಯಿಸುತ್ತೆ. ಸೀಯೋದು ಅಲ್ಲೇ. ಇನ್ನೊಂದು ವಿಷಯ: ಕಡಿಮೆ ಬೆಲೆಯ ಒಲೆಗಳು 400 ವ್ಯಾಟ್ ಅಂತ ತೋರಿಸಿದರೂ ನಿಜಕ್ಕೂ ಸಣ್ಣ ಉರಿ ಕೊಡೋದಿಲ್ಲ. ಕೆಲವು ಸೆಕೆಂಡ್ ಜೋರು, ಕೆಲವು ಸೆಕೆಂಡ್ ಬಂದ್, ಹೀಗೆ ಓಡುತ್ತವೆ. ತೆಳು ತಳದ ಪಾತ್ರೆ ಆ ಜೋರಿನ ಹೊತ್ತಲ್ಲೇ ಹಿಡಿದುಬಿಡುತ್ತೆ.

ಹೀಗೆ ಮಾಡಿ. ಕುಕ್ಕರಿಗೆ ಒಂದೂವರೆ ಕಪ್ ನೀರು (ನಾನು ಹೇಳೋ ಕಪ್ 200 ಮಿಲಿ), ಒಳಗೆ ಒಂದು ಸ್ಟ್ಯಾಂಡ್. ಅದರ ಮೇಲೆ ಸ್ಟೀಲ್ ಬಟ್ಟಲಲ್ಲಿ ಕಾಲು ಕಪ್ ಬೇಳೆ, ಮುಕ್ಕಾಲು ಕಪ್ ನೀರು, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ. ಎಣ್ಣೆ ಹಾಕಿದರೆ ನೊರೆ ಉಕ್ಕಿ ವಿಶಲ್ ಕಟ್ಟಿಕೊಳ್ಳೋದು ಕಡಿಮೆ. ಬಟ್ಟಲಿಗೆ ತಟ್ಟೆ ಮುಚ್ಚಿ, ಮೇಲೆ ಇನ್ನೊಂದು ಬಟ್ಟಲಲ್ಲಿ ಅಕ್ಕಿ. ಒಬ್ಬರಿಗೆ ಒಂದು ಹೊತ್ತಿಗೆ ಸುಮಾರು 75 ಗ್ರಾಂ ಅಕ್ಕಿ ಸಾಕು, ಅಂದರೆ ಅರ್ಧ ಕಪ್ಪಿಗಿಂತ ಸ್ವಲ್ಪ ಕಡಿಮೆ. ನೀರು ಅದರ ಎರಡರಷ್ಟು, ಹಳೇ ಅಕ್ಕಿಯಾದರೆ ಇನ್ನೊಂದು ಸ್ವಲ್ಪ. ಬಟ್ಟಲುಗಳನ್ನು ಕೊಳ್ಳೋ ಮೊದಲು ಕುಕ್ಕರಿನ ಒಳ ಎತ್ತರ ಅಳೆದುಕೊಂಡು ಹೋಗಿ. ಎರಡೂ ಸೇರಿ ಮುಕ್ಕಾಲು ಎತ್ತರ ದಾಟಬಾರದು, ಮೇಲೆ ಹಬೆಗೆ ಜಾಗ ಬೇಕು.

ವಿಶಲ್ ಎಣಿಸೋದನ್ನು ಬಿಟ್ಟು ನಿಮಿಷ ಎಣಿಸಿ. ಇಂಡಕ್ಷನ್‌ನಲ್ಲಿ ಹಬೆ ಬೇಗ ಏರುತ್ತೆ, ನಾಲ್ಕು ವಿಶಲ್ ಐದೇ ನಿಮಿಷದಲ್ಲಿ ಮುಗಿದುಹೋಗುತ್ತೆ. ಬೇಳೆ ಬೇಯೋದು ಹೊತ್ತಿನಿಂದ, ಕೂಗಿನಿಂದಲ್ಲ. 1200 ವ್ಯಾಟ್‌ನಲ್ಲಿ ಮೊದಲ ವಿಶಲ್ ಬರೋವರೆಗೆ ಬಿಡಿ, ಆಮೇಲೆ 600ಕ್ಕೆ ಇಳಿಸಿ 10 ನಿಮಿಷ. ಒಲೆ ಆರಿಸಿ ಹಬೆ ತಾನಾಗಿ ಇಳಿಯಲಿ. ಹಬೆ ಇಳಿಯೋ ಹೊತ್ತಲ್ಲೂ ಅಡುಗೆ ನಡೀತಾ ಇರುತ್ತೆ, ಕರೆಂಟ್ ಪುಕ್ಕಟೆ. ಒಟ್ಟು ಕಾಲು ಯೂನಿಟ್ ಆಸುಪಾಸಿನಲ್ಲಿ ಅನ್ನ, ಬೇಳೆ ಎರಡೂ ಆಗುತ್ತವೆ. ಪಕ್ಕದಲ್ಲಿ ಜಾಗ ಇದ್ದರೆ ಒಂದು ಆಲೂಗಡ್ಡೆಯನ್ನೂ ಇಡಿ, ಮಾರನೇ ದಿನದ ಪಲ್ಯಕ್ಕಾಗುತ್ತೆ.

ಇಷ್ಟಾದರೂ ಬೇಳೆ ಕರಗದಿದ್ದರೆ ನೀರು ನೋಡಿ. ಬೋರ್‌ವೆಲ್ ನೀರಿನ ಗಡಸುತನ ಬೇಳೆ ಮೆತ್ತಗಾಗೋದನ್ನು ತಡೆಯುತ್ತೆ. ಬೇಯಿಸೋದಕ್ಕೆ ಮಾತ್ರ ಕುಡಿಯೋ ನೀರು ಬಳಸಿ, ಮುಕ್ಕಾಲು ಕಪ್ ದೊಡ್ಡ ಖರ್ಚಲ್ಲ. ಅರ್ಧ ಗಂಟೆ ನೆನೆಸಿ. ಟೊಮೆಟೊ, ಹುಣಸೆ ಯಾವುದನ್ನೂ ಬೇಳೆ ಬೇಯೋ ಮುಂಚೆ ಹಾಕಬೇಡಿ, ಹುಳಿ ಬಿದ್ದ ಬೇಳೆ ಹಟ ಹಿಡಿಯುತ್ತೆ. ಅಡುಗೆ ಸೋಡಾ ಹಾಕಿದರೆ ಬೇಗ ಬೇಯೋದು ನಿಜ, ಆದರೆ ಬಿ1 ಜೀವಸತ್ವ ಹಾಳಾಗುತ್ತೆ, ರುಚಿಯೂ ಸಾಬೂನು ಸಾಬೂನು. ಬೇಡ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಬೇಳೆಯಾದರೆ ಮಾತ್ರ ಏನು ಮಾಡಿದರೂ ಬೇಯಲ್ಲ. ಅದಕ್ಕೇ ಅರ್ಧ ಕೆಜಿಗಿಂತ ಹೆಚ್ಚು ಒಟ್ಟಿಗೆ ತರಬೇಡಿ.

ಮಂಡ್ಯದಮುದ್ದೆ:

ಒಂದೇ ಸಾಂಬಾರನ್ನು ಎರಡು ದಿನ ತಿನ್ನೋ ಕಷ್ಟಕ್ಕೆ ನಮ್ಮ ಕಡೆ ಮದ್ದು ಇದೆ, ಬಸ್ಸಾರು. ಒಂದು ಸಲ ಬೇಯಿಸಿದರೆ ಸಾರೂ ಆಯ್ತು, ಪಲ್ಯನೂ ಆಯ್ತು. ಒಬ್ಬರ ಅಡುಗೆಗೆ ಇದಕ್ಕಿಂತ ಮಿತವ್ಯಯದ್ದು ನನಗೆ ಗೊತ್ತಿಲ್ಲ. ರಾತ್ರಿ ಊಟ, ಬೆಳಗ್ಗೆ ಡಬ್ಬಿ, ಎರಡಕ್ಕೂ ಲೆಕ್ಕ ಕೊಡ್ತೀನಿ.

ಅರ್ಧ ಕಪ್ ತೊಗರಿಬೇಳೆ, ಒಂದು ಸಣ್ಣ ಕಟ್ಟು ಸೊಪ್ಪು. ದಂಟು, ಸಬ್ಬಸಿಗೆ, ಮೆಂತ್ಯ ಯಾವುದಾದರೂ ಸರಿ. ಮೂರು ಸೇರಿಸಿ ಒಂದು ಕಟ್ಟು ಮಾಡಿಕೊಡ್ತಾರೆ ಸಂತೆಯಲ್ಲಿ, ಅದು ಇನ್ನೂ ಚೆನ್ನ. ತೆರೆದ ಪಾತ್ರೆಯಲ್ಲಿ ನಾಲ್ಕು ಕಪ್ ನೀರು ಕುದಿಸಿ ಬೇಳೆ ಹಾಕಿ. ಇಲ್ಲಿ ಕುಕ್ಕರ್ ಬೇಡ. ಬೇಳೆ ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಆದರೆ ಆಕಾರ ಬಿಟ್ಟಿರಬಾರದು. ಸುಮಾರು 20 ನಿಮಿಷ. ಕರಗಿಹೋದರೆ ಬಸಿಯೋಕೆ ಏನೂ ಉಳಿಯಲ್ಲ, ಪಲ್ಯ ಮುದ್ದೆಯಾಗುತ್ತೆ. ಆಮೇಲೆ ಹೆಚ್ಚಿದ ಸೊಪ್ಪು, ಉಪ್ಪು ಹಾಕಿ ಐದು ನಿಮಿಷ. ಜಾಲರಿಯಲ್ಲಿ ಬಸಿಯಿರಿ. ಕೆಳಗೆ ಬಂದ ಕಟ್ಟು, ಅಂದರೆ ಬೇಳೆ ಸೊಪ್ಪು ಬೆಂದ ನೀರು, ಎರಡೂವರೆ ಕಪ್ ಆದರೂ ಇರಬೇಕು. ಕಡಿಮೆ ಇದ್ದರೆ ಬೇಯುವಾಗ ನೀರು ಇಂಗಿದೆ ಅಂತ ಅರ್ಥ, ಬಿಸಿನೀರು ಸೇರಿಸಿ.

ಮಸಾಲೆಗೆ ಒಂದು ಚಮಚ ಎಣ್ಣೆಯಲ್ಲಿ ಅರ್ಧ ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಕಾಲು ಚಮಚ ಜೀರಿಗೆ, ನಾಲ್ಕು ಮೆಣಸಿನಕಾಳು ಬಾಡಿಸಿ. ಎರಡು ದೊಡ್ಡ ಚಮಚ ಕಾಯಿತುರಿ, ಒಂದೂವರೆ ಚಮಚ ಸಾರಿನ ಪುಡಿ, ಗೋಲಿ ಗಾತ್ರದ ಹುಣಸೆ, ಜೊತೆಗೆ ಬಸಿದಿಟ್ಟ ಬೇಳೆ ಸೊಪ್ಪಿನಿಂದಲೇ ಎರಡು ಚಮಚ. ಈ ಎರಡು ಚಮಚ ಮರೆತರೆ ಸಾರು ತಿಳಿನೀರಾಗಿ ಬೇರೆ, ಮಸಾಲೆ ಬೇರೆಯಾಗಿ ನಿಲ್ಲುತ್ತೆ. ನುಣ್ಣಗೆ ರುಬ್ಬಿ ಕಟ್ಟಿಗೆ ಬೆರೆಸಿ ಹತ್ತು ನಿಮಿಷ ಕುದಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ. ಉಳಿದ ಬೇಳೆ ಸೊಪ್ಪಿಗೆ ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ.

ಫ್ರಿಜ್ ಇಲ್ಲ ಅಂದಿರಲ್ಲ, ಅದಕ್ಕೆ ಒಂದು ಮಾತು. ಪಲ್ಯದಲ್ಲಿ ರಾತ್ರಿ ತಿನ್ನೋ ಭಾಗಕ್ಕೆ ಮಾತ್ರ ಕಾಯಿತುರಿ ಹಾಕಿ. ಮೊದಲು ಕೆಡೋದೇ ಕಾಯಿ. ಸಾರನ್ನು ಮಲಗೋ ಮುಂಚೆ ಒಮ್ಮೆ ಕುದಿಸಿ, ಮುಚ್ಚಳ ತೆಗೆಯದೆ ಹಾಗೇ ಬಿಡಿ, ಬೆಳಗ್ಗೆ ಇನ್ನೊಮ್ಮೆ ಚೆನ್ನಾಗಿ ಕುದಿಸಿ. ಕುದಿಸಿದ ಮೇಲೆ ಸೌಟು ಹಾಕಿ ತೆಗೆದು ಮತ್ತೆ ಇಟ್ಟರೆ ಕುದಿಸಿದ್ದು ದಂಡ. ಬೇಸಿಗೆಯಲ್ಲಿ ಬೆಳಗ್ಗೆ ಡಬ್ಬಿಗೆ ಹಾಕಿ ಖಾಲಿ ಮಾಡಿಬಿಡಿ, ಮುಂದಕ್ಕೆ ಇಡಬೇಡಿ.

ಬಸ್ಸಾರಿಗೆ ಅನ್ನಕ್ಕಿಂತ ಮುದ್ದೆ. ಒಂದು ಮುದ್ದೆಗೆ ಮುಕ್ಕಾಲು ಕಪ್ ರಾಗಿಹಿಟ್ಟು, ಒಂದೂವರೆ ಕಪ್ ನೀರು. ನೀರಿಗೆ ಮೊದಲೇ ಒಂದು ಚಮಚ ಹಿಟ್ಟು ಕದಡಿ ಕುದಿಸಿ. ಉಕ್ಕು ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಮಧ್ಯೆ ಒಂದು ತೂತು ಮಾಡಿ, ಮುಚ್ಚಿ, ಸಣ್ಣ ಉರಿಯಲ್ಲಿ ಐದು ನಿಮಿಷ. ಆ ಐದು ನಿಮಿಷ ಕೋಲು ಮುಟ್ಟಬೇಡಿ. ಮೊದಲೇ ತಿರುವಿದರೆ ಒಣಹಿಟ್ಟಿನ ಸುತ್ತ ಬೆಂದ ಪದರ ಕಟ್ಟಿ ಗಂಟಾಗುತ್ತೆ, ಆ ಗಂಟು ಆಮೇಲೆ ಒಡೆಯಲ್ಲ. ಇಂಡಕ್ಷನ್ ಮೇಲೆ ಇಟ್ಟುಕೊಂಡೇ ತೊಳಸಬೇಡಿ, ಗಾಜು ಸೀಳೋ ಅಪಾಯ ಇದೆ, ಪಾತ್ರೆಯೂ ಸುತ್ತುತ್ತೆ. ನೆಲದ ಮೇಲೆ ಮಡಿಸಿದ ಗೋಣಿಚೀಲ ಹಾಕಿ, ಇಕ್ಕಳದಲ್ಲಿ ಬಿಗಿಯಾಗಿ ಹಿಡಿದು ತೊಳಸಿ. ಮತ್ತೆ ಒಲೆಗಿಟ್ಟು ಎರಡು ನಿಮಿಷ ಹಬೆ. ಒದ್ದೆ ಕೈಯಲ್ಲಿ ಮುಟ್ಟಿದರೆ ಅಂಟಬಾರದು, ಅಂಟಿದರೆ ಇನ್ನೂ ಬೆಂದಿಲ್ಲ.

ಸಾಗರದಸೊಪ್ಪು:

ಬಸ್ಸಾರಿನ ಮಾತು ನೂರಕ್ಕೆ ನೂರು ಸರಿ. ನಾನು ತರಕಾರಿ, ಕಾಯಿ ವಿಷಯ ಹೇಳುತ್ತೇನೆ. ಒಬ್ಬರ ಅಡುಗೆಯಲ್ಲಿ ದುಡ್ಡು ಸೋರುವುದು ಅಕ್ಕಿ ಬೇಳೆಯಲ್ಲಲ್ಲ, ಕಸದ ಬುಟ್ಟಿಗೆ ಹೋಗುವ ತರಕಾರಿಯಲ್ಲಿ.

ಫ್ರಿಜ್ ಇಲ್ಲದವರು ತರಕಾರಿಯನ್ನು ರುಚಿ ನೋಡಿ ಅಲ್ಲ, ಬಾಳಿಕೆ ನೋಡಿ ಆರಿಸಬೇಕು. ಸೊಪ್ಪು ತಂದ ದಿನವೇ ಮುಗಿಸಬೇಕು. ಬೆಂಡೆ, ಬೀನ್ಸ್ ಎರಡು ದಿನ. ಸೀಮೆಬದನೆ, ಬಾಳೆಕಾಯಿ, ಸುವರ್ಣಗಡ್ಡೆ ಇವು ವಾರದ ಮಧ್ಯಕ್ಕೆ. ಮಂಗಳೂರು ಸೌತೆ ಕೊಯ್ಯದೆ ಇಟ್ಟರೆ ವಾರಗಟ್ಟಲೆ ಇರುತ್ತದೆ, ಊರ ಮನೆಗಳಲ್ಲಿ ಅದನ್ನು ಕಟ್ಟಿ ತೂಗುಹಾಕುವುದು ಸುಮ್ಮನೆ ಅಲ್ಲ. ಕಾಲು ಕೆಜಿ ತೂಗಿಸುವ ಬದಲು ಎಣಿಸಿ ತನ್ನಿ: ಒಂದು ಸೀಮೆಬದನೆ, ಎರಡು ಮೂಲಂಗಿ, ಒಂದು ಬಾಳೆಕಾಯಿ. ಹಾಪ್‌ಕಾಮ್ಸ್ ಮಳಿಗೆಯಲ್ಲಿ ಒಂದೊಂದೇ ಆರಿಸಿ ತೂಗಿಸಬಹುದು. ಮೂಲಂಗಿ ಎಲೆಯನ್ನು ಬಂದ ಕೂಡಲೇ ಕತ್ತರಿಸಿ, ಇಲ್ಲದಿದ್ದರೆ ಎಲೆ ಗಡ್ಡೆಯ ನೀರು ಹೀರಿ ಗಡ್ಡೆ ಬೆಂಡಾಗುತ್ತದೆ. ಎಲೆ ಬಿಸಾಡಬೇಡಿ, ಅದೂ ಬಸ್ಸಾರಿಗೆ ಹೋಗುತ್ತದೆ. ಕೊತ್ತಂಬರಿಯನ್ನು ಬೇರು ಮುಳುಗುವಷ್ಟೇ ನೀರಿನ ಲೋಟದಲ್ಲಿ ನಿಲ್ಲಿಸಿ. ಕರಿಬೇವನ್ನು ಒರೆಸಿ ನೆರಳಲ್ಲಿ ಒಣಗಿಸಿಟ್ಟರೆ ಪರಿಮಳ ಸ್ವಲ್ಪ ಕಡಿಮೆಯಾದರೂ ಕೊಳೆಯುವುದಿಲ್ಲ.

ತೆಂಗಿನಕಾಯಿ: ಕಣ್ಣಿರುವ ಹೋಳು ಮೊದಲು ಕೆಡುತ್ತದೆ, ಒಡೆದ ದಿನ ಅದನ್ನೇ ಬಳಸಿ. ಇನ್ನೊಂದು ಹೋಳನ್ನು ಅಂದೇ ಚಿಪ್ಪಿನಿಂದ ಬಿಡಿಸಿ, ತೆಳ್ಳಗೆ ಚೂರು ಮಾಡಿ ಬಿಸಿಲಿಗೆ ಹಾಕಿದರೆ ಎರಡು ಮೂರು ದಿನಕ್ಕೆ ಗರಿಗರಿ ಒಣಗುತ್ತದೆ. ಮಳೆಗಾಲದಲ್ಲಿ ಈ ಪ್ರಯತ್ನ ಬೇಡ, ಬೂಸ್ಟು ಬರುತ್ತದೆ. ಆಗ ಕಾಯಿ ಒಡೆಯುವುದನ್ನೇ ಬಿಟ್ಟು ಒಣಕೊಬ್ಬರಿ ತನ್ನಿ, ತಿಪಟೂರು ಕೊಬ್ಬರಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಒಂದು ಗಿಟುಕು ಒಬ್ಬರಿಗೆ ಬಹಳ ದಿನ ಬರುತ್ತದೆ. ಸಾರಿನ ಮಂದಕ್ಕೆ ಮಾತ್ರವಾದರೆ ಒಂದು ಚಮಚ ಹುರಿಗಡಲೆ ರುಬ್ಬಿ ಹಾಕಿದರೂ ಸಾಕು.

ಕುದಿಸುವುದೇ ಬೇಡದ ಸಾರು ಬೇಕಾದರೆ ತಂಬುಳಿ. ಅರ್ಧ ಚಮಚ ತುಪ್ಪದಲ್ಲಿ ಕಾಲು ಚಮಚ ಮೆಂತ್ಯ, ಅರ್ಧ ಚಮಚ ಜೀರಿಗೆ, ನಾಲ್ಕು ಮೆಣಸಿನಕಾಳು ಹುರಿದು, ಮೂರು ದೊಡ್ಡ ಚಮಚ ಕಾಯಿತುರಿ ಜೊತೆ ರುಬ್ಬಿ, ಒಂದು ಕಪ್ ಮಜ್ಜಿಗೆಗೆ ಬೆರೆಸಿ, ಉಪ್ಪು. ಮೆಂತ್ಯ ಹೊಂಬಣ್ಣಕ್ಕೆ ಬಂದಾಗಲೇ ಇಳಿಸಿ, ಕೆಂಪಾಗಿ ಕಪ್ಪಿಗೆ ತಿರುಗಿದರೆ ಇಡೀ ತಂಬುಳಿ ಕಹಿ. ಬಿಸಿ ಮಾಡಲು ಹೋಗಬೇಡಿ, ಒಡೆಯುತ್ತದೆ. ಮೆಂತ್ಯದ ಬದಲು ಹತ್ತು ದೊಡ್ಡಪತ್ರೆ ಎಲೆ ಬಾಡಿಸಿ ಹಾಕಬಹುದು. ದೊಡ್ಡಪತ್ರೆಗೆ ದುಡ್ಡು ಕೊಡಬೇಡಿ, ಒಂದು ಗೆಣ್ಣು ಮುರಿದು ಡಬ್ಬಿಯ ಮಣ್ಣಿಗೆ ಚುಚ್ಚಿ ಕಿಟಕಿಯಲ್ಲಿಟ್ಟರೆ ಬರುತ್ತದೆ. ನೀರು ಹೆಚ್ಚಾದರೆ ಮಾತ್ರ ಕಾಂಡ ಕೊಳೆಯುತ್ತದೆ.

ಹುಬ್ಬಳ್ಳಿಮಂದಿ:

ಎಲ್ಲಾರೂ ಅನ್ನ ಮುದ್ದಿ ಹೇಳಾಕತ್ತೀರಿ, ರೊಟ್ಟಿ ಮರತ್ರಿ ನೋಡ್ರಿ. ಫ್ರಿಜ್ ಇಲ್ಲದವ್ರಿಗೆ ಕಡಕ್ ಜ್ವಾಳದ ರೊಟ್ಟಿಯಂಥಾದ್ದು ಯಾವುದೂ ಇಲ್ಲ. ಬೆಂಗಳೂರಾಗೂ ಉತ್ತರ ಕರ್ನಾಟಕದ ಸಾಮಾನಿನ ಅಂಗಡಿಯೊಳಗ ಸಿಗತಾವ. ಗಾಳಿ ಆಡದ ಡಬ್ಬ್ಯಾಗ ಇಟ್ರ ವಾರಗಟ್ಟಲೆ ಕೆಡಂಗಿಲ್ಲ. ಮೆತ್ತಗಾದ್ರ ಕಾದ ಬಾಣಲಿ ಮ್ಯಾಲೆ ಒಂದ್ ನಿಮಿಷ ಇಡ್ರಿ, ಮತ್ತ ಕಡಕ್ ಆಗತೈತಿ.

ಅದಕ್ಕ ಜೋಡಿ ಝುಣಕ. ಅರ್ಧ ಕಪ್ ಕಡ್ಲಿಹಿಟ್ಟು ಒಂದು ಕಪ್ ತಣ್ಣೀರಾಗ ಗಂಟಿಲ್ಲದಂಗ ಕಲಸಿಕೊಳ್ರಿ. ಬಿಸಿನೀರಿಗೆ ಹಿಟ್ಟು ಹಾಕಿದ್ರ ಗಂಟು ಖಾತ್ರಿ. ಎರಡು ಚಮಚ ಎಣ್ಣಿಯೊಳಗ ಸಾಸಿವಿ, ಜೀರಿಗಿ, ಜಜ್ಜಿದ ನಾಕು ಎಸಳು ಬಳ್ಳೊಳ್ಳಿ, ಒಂದು ಉಳ್ಳಾಗಡ್ಡಿ, ಅರಿಶಿಣ, ಒಂದು ಚಮಚ ಖಾರಪುಡಿ, ಉಪ್ಪು. ಕಲಸಿದ್ದನ್ನ ಸುರದು ಕೈ ಬಿಡದಂಗ ತಿರುವ್ರಿ, ಗಟ್ಟಿ ಆದ ಮ್ಯಾಲೆ ಮುಚ್ಚಿ ಸಣ್ಣ ಉರಿಯೊಳಗ ಐದು ನಿಮಿಷ. ಮುಚ್ಚೋದು ತಪ್ಪಿಸಿದ್ರ ಹಸಿಹಿಟ್ಟಿನ ವಾಸನಿ ಹೋಗಂಗಿಲ್ಲ. ತರಕಾರಿ ಖಾಲಿ ಆದ ದಿನಕ್ಕ ಇದು.

ಶೇಂಗಾ ಹಿಂಡಿ ಒಂದು ಡಬ್ಬಿ ಯಾವಾಗಲೂ ಇರಲಿ. ಕಾಲು ಕೆಜಿ ಶೇಂಗಾ ಸಣ್ಣ ಉರಿಯೊಳಗ ಹತ್ತು ಹನ್ನೆರಡು ನಿಮಿಷ ಹುರೀರಿ. ಜೋರು ಉರಿಯಾಗ ಸಿಪ್ಪಿ ಕರಗಾಗತೈತಿ, ಒಳಗ ಹಸಿ. ಪೂರ್ತಿ ಆರಿಸಿ ಸಿಪ್ಪಿ ತಿಕ್ಕಿ ತಗೀರಿ. ಮೂರು ಚಮಚ ಖಾರಪುಡಿ, ಒಂದು ಚಮಚ ಜೀರಿಗಿ, ಹತ್ತು ಎಸಳು ಬಳ್ಳೊಳ್ಳಿ, ಉಪ್ಪು. ಮಿಕ್ಸಿ ಒಂದೇ ಸಮ ಓಡಿಸಬ್ಯಾಡ್ರಿ, ಎಣ್ಣಿ ಬಿಟ್ಟು ಮುದ್ದಿ ಆಗತೈತಿ. ಬಿಟ್ಟು ಬಿಟ್ಟು ಎರಡೆರಡು ಸೆಕೆಂಡ್ ತಿರುವ್ರಿ. ಹಸಿ ಬಳ್ಳೊಳ್ಳಿ ಇರತೈತಿ, ಹದಿನೈದು ದಿನದಾಗ ಮುಗಸ್ರಿ. ಹಿಂಡಿ, ಮೊಸರು, ರೊಟ್ಟಿ ಇದ್ರ ಒಂದು ಹೊತ್ತು ಒಲಿ ಹಚ್ಚೋ ಕೆಲಸನ ಇಲ್ಲ.

ಒಂಟಿಒಲೆ:

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ಪ್ರಶ್ನೆ ಉಳಿದಿವೆ. ರಾತ್ರಿಯ ಅನ್ನವನ್ನು ಹಾಗೇ ಇಟ್ಟು ಬೆಳಗ್ಗೆ ಚಿತ್ರಾನ್ನ ಮಾಡಿ ಡಬ್ಬಿಗೆ ಹಾಕಬಹುದಾ? ಚೆನ್ನಾಗಿ ಬಿಸಿ ಮಾಡಿದರೆ ಸಾಕಲ್ವಾ? ಇನ್ನೊಂದು, ಸಾರಿನ ಪುಡಿಯನ್ನು ಮನೆಯಲ್ಲೇ ಕಡಿಮೆ ಅಳತೆಯಲ್ಲಿ ಮಾಡೋದಾದರೆ ಎಷ್ಟೆಷ್ಟು?

ಬೇಳೆಕಾಳು:

ಅನ್ನದ ವಿಷಯದಲ್ಲಿ ಬಿಸಿ ಮಾಡಿದರೆ ಸಾಲದು. ಅಕ್ಕಿಯಲ್ಲಿ ಸಹಜವಾಗಿ ಇರೋ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯೋದಿಲ್ಲ. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಕೂತಾಗ ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸೋ ಆ ವಿಷ ಒಗ್ಗರಣೆಯ ಬಿಸಿಗೆ ಹೋಗೋದಿಲ್ಲ. ರಾತ್ರಿ ಒಂಬತ್ತರ ಅನ್ನವನ್ನು ಬೆಳಗ್ಗೆ ಚಿತ್ರಾನ್ನ ಮಾಡಿ ಮಧ್ಯಾಹ್ನ ಒಂದಕ್ಕೆ ತಿಂದರೆ ಹದಿನಾರು ಗಂಟೆ ಹೊರಗಿದ್ದ ಹಾಗಾಯ್ತು. ಮಾಡಬೇಡಿ.

ಬದಲಿಗೆ ರಾತ್ರಿಗೆ ಮುದ್ದೆಯೋ ರೊಟ್ಟಿಯೋ ಇಟ್ಟುಕೊಳ್ಳಿ, ಅನ್ನವನ್ನು ಬೆಳಗ್ಗೆ ಮಾಡಿ. ಅಕ್ಕಿ ತೊಳೆದು ಹಾಕಿ ಒಲೆ ಹಚ್ಚಿದರೆ ಸ್ನಾನ ಮುಗಿಯೋ ಹೊತ್ತಿಗೆ ಆಗಿರುತ್ತೆ. ಒಂದು ಕಪ್ ಅಕ್ಕಿ ಹಾಕಿದರೆ ತಿಂಡಿಗೂ ಡಬ್ಬಿಗೂ ಸರಿಹೋಗುತ್ತೆ. ಅನ್ನವನ್ನು ತಟ್ಟೆಯಲ್ಲಿ ಹರಡಿ ಆರಿಸಿಯೇ ಚಿತ್ರಾನ್ನಕ್ಕೆ ಕಲಸಿ, ಬಿಸಿಯಲ್ಲಿ ಕಲಸಿದರೆ ಅಗುಳು ಒಡೆದು ಮುದ್ದೆಯಾಗುತ್ತೆ. ನಿಂಬೆರಸ ಒಲೆಯಿಂದ ಇಳಿಸಿದ ಮೇಲೆ. ಡಬ್ಬಿಯ ಮುಚ್ಚಳವನ್ನು ಹಬೆ ಹೋದ ಮೇಲೆ ಹಾಕಿ. ಇಲ್ಲದಿದ್ದರೆ ಒಳಗೆ ನೀರಾಡಿ ಮಧ್ಯಾಹ್ನಕ್ಕೆ ಹಳಸಲು ವಾಸನೆ. ಡಬ್ಬಿಗೆ ಮೊಟ್ಟೆ ಬೇಕಾದರೆ ಬೇಯಿಸಿದ ಮೇಲೆ ಸಿಪ್ಪೆ ಸಮೇತ ಒಯ್ಯಿರಿ, ತಿನ್ನುವಾಗ ಬಿಡಿಸಿ.

ಮಂಡ್ಯದಮುದ್ದೆ:

ಸಾರಿನ ಪುಡಿಗೆ ಇದು ಒಬ್ಬರ ಅಳತೆ: ಧನಿಯ 100 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 50 ಗ್ರಾಂ, ಜೀರಿಗೆ 10, ಮೆಣಸು 10, ಮೆಂತ್ಯ 5, ಸಾಸಿವೆ 5, ಒಂದು ಹಿಡಿ ಒಣ ಕರಿಬೇವು, ಕಾಲು ಚಮಚ ಇಂಗು. ಬ್ಯಾಡಗಿ ಬಣ್ಣ ಕೊಡುತ್ತೆ, ಖಾರ ಕಡಿಮೆ. ಖಾರ ಬೇಕಾದವರು ಅದರಲ್ಲಿ 15 ಗ್ರಾಂ ತೆಗೆದು ಗುಂಟೂರು ಹಾಕಿ.

ಎಲ್ಲವನ್ನೂ ಒಟ್ಟಿಗೆ ಹುರಿಯಬೇಡಿ, ಒಂದೊಂದರ ಹದ ಬೇರೆ. ಮೆಂತ್ಯ ಮೊದಲು, ಸಣ್ಣ ಉರಿಯಲ್ಲಿ. ಸಾಸಿವೆ ಚಟಪಟ ಅಂದರೆ ಸಾಕು. ಧನಿಯ ಪರಿಮಳ ಬರೋವರೆಗೆ. ಮೆಣಸಿನಕಾಯಿ ಕೊನೆಗೆ, ಅರ್ಧ ಚಮಚ ಎಣ್ಣೆಯಲ್ಲಿ ಗರಿಗರಿ ಆಗೋವರೆಗೆ ಮಾತ್ರ. ಇಂಡಕ್ಷನ್‌ನಲ್ಲಿ ಬಾಣಲೆ ನಡುವೆ ಬೇಗ ಸುಡುತ್ತೆ, ಒಲೆ ಆರಿಸಿ ಆ ಬಿಸಿಯಲ್ಲೇ ಮೆಣಸಿನಕಾಯಿ ಬಾಡಿಸಿದರೂ ಆಗುತ್ತೆ.

ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಚಿಕ್ಕ ಜಾರಿಗೆ ಮೂರು ನಾಲ್ಕು ಸಲ ಹಾಕಬೇಕಾಗುತ್ತೆ, ತುಂಬಿ ತುರುಕಿದರೆ ಕೆಳಗೆ ನುಣ್ಣಗೆ, ಮೇಲೆ ಧನಿಯ ಸಿಪ್ಪೆ ಹಾಗೇ. ಪುಡಿ ಮಾಡಿದಾಗಲೂ ಬಿಸಿ ಇರುತ್ತೆ, ಕಾಗದದ ಮೇಲೆ ಅರ್ಧ ಗಂಟೆ ಹರಡಿ ಆಮೇಲೆ ಡಬ್ಬಿಗೆ ತುಂಬಿ. ಬಿಸಿಯಲ್ಲೇ ಮುಚ್ಚಿದರೆ ಒಳಗೆ ಬೆವರಿ ಗಂಟುಗಟ್ಟುತ್ತೆ. ಕೊಬ್ಬರಿಯನ್ನು ಪುಡಿಯಲ್ಲೇ ಸೇರಿಸಬೇಡಿ, ಬೇಗ ಜಿಡ್ಡು ವಾಸನೆ ಬರುತ್ತೆ. ಬಳಸೋ ದಿನ ಬೇರೆ ತುರಿದು ಹಾಕಿಕೊಳ್ಳಿ.